ತಮ್ಮಗ ರಕ್ತದ ಕ್ಯಾನ್ಸರ್, ಒಂದು ರಿಪೋರ್ಟ್‌ನಾಗ ಎಎಂಎಲ್, ಇನ್ನೊಂದ್ರಾಗ ಟಿ-ಎಎಲ್‌ಎಲ್ ಅಂತ ಬಂದದ, ಯಾವುದು ಖರೆ?

ಸಿಂಧನೂರು_ರೈತ:
ಎಲ್ಲಾರಿಗೂ ನಮಸ್ಕಾರ. ನನ್ ತಮ್ಮಗ 22 ವರ್ಷ, ನನ್ ಜೋಡಿನೇ ಹೊಲದಾಗ ದುಡಿತಾನ. ಮೂರು ವಾರದ ಹಿಂದ ಜ್ವರ ಬಂತು, ಹಲ್ಲುಜ್ಜಿದ್ರ ವಸಡಿನಾಗ ರಕ್ತ, ಪ್ಲೇಟ್‌ಲೆಟ್ 18 ಸಾವಿರ ಅಂತ ಬಂದ ಕೂಡ್ಲೆ ಎಲ್ಲಾರೂ ಡೆಂಗಿ ಡೆಂಗಿ ಅಂದ್ರು, ಪಪ್ಪಾಯಿ ಎಲಿ ರಸ ಕುಡಿಸಿದ್ವಿ, ಒಬ್ರು ಡಾಕ್ಟ್ರು ಸುಸ್ತಿಗೆ ಅಂತ ಎರಡು ದಿನ ಡೆಕ್ಸಾ ಇಂಜೆಕ್ಷನ್ ಕೊಟ್ರು. ಆಮ್ಯಾಲ ನೋಡಿದ್ರ ಡೆಂಗಿ ನೆಗೆಟಿವ್, ಬಿಳಿ ರಕ್ತಕಣ 46 ಸಾವಿರ, ಸ್ಮಿಯರ್‌ನಾಗ ಬ್ಲಾಸ್ಟ್ (ಬಲಿಯದ ಎಳೇ ಕೋಶ) 62% ಅದಾವ ಅಂತ ಬರದ್ರು. ಅವತ್ತಿಂದ ಮನ್ಯಾಗ ಒಲಿ ಸರಿಯಾಗಿ ಹತ್ತಿಲ್ಲ.

ಮೊದಲ್ನೇ ಲ್ಯಾಬ್‌ನವ್ರು ಸ್ಲೈಡ್ ನೋಡಿ, ಎಂಪಿಒ ಬಣ್ಣ ಹಾಕಿ, ಎಎಂಎಲ್ ಅಂದ್ರು. ಆಮ್ಯಾಲ ಬೋನ್ ಮ್ಯಾರೋ ತಗದು ಫ್ಲೋ ಸೈಟೋಮೆಟ್ರಿಗೆ (ಕೋಶದ ಗುರುತು ನೋಡೋ ಟೆಸ್ಟ್) ಕಳಿಸಿದ್ವಿ, ಅದ್ರಾಗ 'ಟಿ-ಎಎಲ್‌ಎಲ್ ಇರಬಹುದು, ಎಂಪಿಒ ಸ್ವಲ್ಪ ಪಾಸಿಟಿವ್, ಎಂಪಿಎಎಲ್ ತಳ್ಳಿ ಹಾಕೋ ಹಂಗಿಲ್ಲ' ಅಂತ ಬಂದದ. ನಮ್ ಕಾಕಾ ಅಂತಾರ, ಲ್ಯಾಬ್‌ನವ್ರು ಯಾರದೋ ಸ್ಯಾಂಪಲ್ ಅದಲು ಬದಲು ಮಾಡ್ಯಾರ, ಮೂರನೇ ಕಡಿ ತೋರಿಸ್ರಿ ಅಂತ. ಹೆಮಟಾಲಜಿ (ರಕ್ತರೋಗದ) ಡಾಕ್ಟ್ರು ಇನ್ನೂ ನಾಕು ದಿನ ಕಾಯ್ರಿ, ಹೆಸರು ಗಟ್ಟಿ ಆಗ್ದ ಕಿಮೋ ಶುರು ಮಾಡಲ್ಲ ಅಂದ್ರು. ಕಾಯ್ರಿ ಅಂದ್ರ ಹೊಟ್ಟ್ಯಾಗ ಬೆಂಕಿ ಬಿದ್ದಂಗ ಆಗ್ತದ್ರಿ. ಯಾರಿಗರ ತಿಳಿದಿದ್ರ ಬಿಡಿಸಿ ಹೇಳ್ರಿ.

ಮಾನ್ವಿ_ಮೇಷ್ಟ್ರು:
ತಮ್ಮಾ ಧೈರ್ಯ ತಗೋ. ಅಷ್ಟು ದೊಡ್ಡ ಡಾಕ್ಟ್ರು ಕಾಯಕ್ಕ ಹೇಳ್ಯಾರ ಅಂದ್ರ ಅದಕ್ಕೊಂದು ಕಾರಣ ಇರ್ತದ. ನನಗೂ ಒಂದು ಅರ್ಥ ಆಗ್ಲಿಲ್ಲ, ಹೀಂಗ ಎರಡೂ ಇದ್ರ ಹುಡುಗಗ ಒಂದೇ ಸಲ ಎರಡು ಕ್ಯಾನ್ಸರ್ ಬಂದಂಗ ಏನು? ತಿಳಿದವ್ರು ಹೇಳ್ರಿ.

ಬಳ್ಳಾರಿ_ಸ್ಲೈಡ್:
ಅಣ್ಣ, ನಾನು ಪ್ಯಾಥಾಲಜಿಯವಳು, ರಕ್ತದ ಕ್ಯಾನ್ಸರ್ ಸ್ಲೈಡ್ ನೋಡೋದೇ ದಿನದ ಕೆಲಸ. ಮೊದಲು ನಿಮ್ಮ ಕಾಕಾಗೆ ಹೇಳ್ರಿ, ಎರಡು ರಿಪೋರ್ಟ್ ಬೇರೆ ಬೇರೆ ಬಂದ ಮಾತ್ರಕ್ಕೆ ಒಂದು ತಪ್ಪೇ ಇರ್ಬೇಕು ಅಂತಿಲ್ಲ. ಈ ಕಾಯಿಲೇಲಿ ಎರಡೂ ಸರಿ ಇರೋ ಸಾಧ್ಯತೆ ಐತೆ, ಅದಕ್ಕೇ ಇದು ಕಷ್ಟದ ಕಾಯಿಲೆ.

ರಕ್ತ ತಯಾರಾಗೋದು ಮೂಳೆ ಒಳಗಿನ ಮಜ್ಜೇಲಿ. ಅಲ್ಲಿ ಒಂದೇ ಮೂಲ ಕೋಶದಿಂದ ಎರಡು ದಾರಿ ಒಡೀತಾವೆ, ಒಂದು ಮೈಲಾಯ್ಡ್, ಇನ್ನೊಂದು ಲಿಂಫಾಯ್ಡ್. ಲಿಂಫಾಯ್ಡ್‌ನಲ್ಲಿ ಮತ್ತೆ ಬಿ ಮತ್ತು ಟಿ. ಮೈಲಾಯ್ಡ್ ದಾರೀಲಿ ಕೆಟ್ರೆ ಎಎಂಎಲ್, ಲಿಂಫಾಯ್ಡ್ ದಾರೀಲಿ ಕೆಟ್ರೆ ಎಎಲ್‌ಎಲ್. ಕೆಲವರಲ್ಲಿ, ನೂರು ಅಕ್ಯೂಟ್ ಲ್ಯೂಕೀಮಿಯಾದಲ್ಲಿ ಎರಡರಿಂದ ನಾಲ್ಕು ಜನರಲ್ಲಿ ಅಂತ ಇಟ್ಕೊಳ್ರಿ, ಕೆಟ್ಟ ಕೋಶ ಎರಡೂ ದಾರಿಯ ಗುರುತು ಹೊತ್ಕೊಂಡಿರ್ತೈತೆ. ಅದಕ್ಕೆ ಮಿಕ್ಸ್ಡ್ ಫಿನೋಟೈಪ್ ಅಕ್ಯೂಟ್ ಲ್ಯೂಕೀಮಿಯಾ ಅಂತಾರೆ, ನಿಮ್ಮ ರಿಪೋರ್ಟ್‌ನಲ್ಲಿರೋ ಎಂಪಿಎಎಲ್ ಅದೇ. ಒಂದೇ ಕೋಶದ ಮೇಲೆ ಎರಡೂ ಗುರುತು ಇರ್ಬಹುದು, ಇಲ್ಲಾ ಎರಡು ಬೇರೆ ಬೇರೆ ಗುಂಪೇ ಇರ್ಬಹುದು, ಮೊದಲ್ನೇದಕ್ಕೆ ಬೈಫಿನೋಟೈಪಿಕ್, ಎರಡನೇದಕ್ಕೆ ಬೈಲಿನಿಯಲ್ ಅಂತ ಹಿಂದೆ ಕರೀತಿದ್ರು, ಈಗ ಎರಡೂ ಎಂಪಿಎಎಲ್ ಒಳಗೇ ಬರ್ತಾವೆ.

ಮೇಷ್ಟ್ರೇ, ಎರಡು ಕ್ಯಾನ್ಸರ್ ಅಲ್ಲ. ಎರಡು ಗುಂಪಾಗಿ ಕಂಡಾಗ್ಲೂ ಒಳಗಿನ ಜೀನ್ ನೋಡಿದ್ರೆ ಸಾಮಾನ್ಯವಾಗಿ ಎರಡರಲ್ಲೂ ಅದೇ ಬದಲಾವಣೆ ಸಿಗ್ತಾವೆ. ಒಂದೇ ತಾಯಿಬೇರು.

ಅಣ್ಣ, ಫ್ಲೋ ರಿಪೋರ್ಟ್‌ನ ಎರಡನೇ ಪುಟದಲ್ಲಿ ಸಿಡಿ ಸಿಡಿ ಅಂತ ಕೋಶದ ಗುರುತುಗಳ ಪಟ್ಟಿ ಇರ್ತೈತೆ, ಅದನ್ನ ಹಂಗೇ ಇಲ್ಲಿ ಟೈಪ್ ಮಾಡ್ರಿ. ಹೆಸರು, ಆಸ್ಪತ್ರೆ ನಂಬರ್ ಬ್ಯಾಡ.

ಸಿಂಧನೂರು_ರೈತ:
ಮೇಡಂ ಟೈಪ್ ಮಾಡ್ತೀನಿ, ತಪ್ಪಾದ್ರ ಕ್ಷಮಿಸ್ರಿ. ಸಿಡಿ34 ಪಾಸಿಟಿವ್, ಸಿಡಿ117 ಪಾಸಿಟಿವ್, ಎಚ್‌ಎಲ್‌ಎ-ಡಿಆರ್ ಪಾಸಿಟಿವ್, ಸಿಡಿ7 ಬ್ರೈಟ್, ಸಿಡಿ5 ಡಿಮ್, ಮೇಲಿನ ಸಿಡಿ3 ನೆಗೆಟಿವ್, ಸೈಟೋಪ್ಲಾಸ್ಮಿಕ್ ಸಿಡಿ3 ಬ್ರೈಟ್, ಸಿಡಿ1ಎ ನೆಗೆಟಿವ್, ಸಿಡಿ8 ನೆಗೆಟಿವ್, ಸಿಡಿ13 ಪಾಸಿಟಿವ್, ಸಿಡಿ33 ಡಿಮ್, ಎಂಪಿಒ 14% ಡಿಮ್, ಸಿಡಿ19 ನೆಗೆಟಿವ್, ಸಿಡಿ79ಎ ಡಿಮ್. ಈ ಕಡೀದು ನೋಡಿ ಕಾಕಾ ಬಿ ಸೈತ ಅದ, ಮೂರೂ ಸೇರ್ಯಾವ ಅಂತ ಹೆದರಿಸ್ಯಾರ.

ಬಳ್ಳಾರಿ_ಸ್ಲೈಡ್:
ಚೆನ್ನಾಗಿ ಟೈಪ್ ಮಾಡೀರಿ ಅಣ್ಣ. ನೋಡ್ರಿ, ಪಟ್ಟೀಲಿ ಹದಿನಾಲ್ಕು ಹೆಸರಿದ್ರೂ ನಿಜವಾಗಿ ತೂಕ ಇರೋದು ಮೂರು ನಾಲ್ಕಕ್ಕೆ ಮಾತ್ರ.

ಟಿ ಅಂತ ಹೇಳ್ಬೇಕಾದ್ರೆ ಸಿಡಿ3 ಬೇಕು, ಕೋಶದ ಮೇಲಾದ್ರೂ ಆಗ್ಲಿ, ಒಳಗಾದ್ರೂ ಆಗ್ಲಿ. ಎಳೇ ಟಿ ಕೋಶದಲ್ಲಿ ಅದು ಇನ್ನೂ ಮೇಲೆ ಬಂದಿರಲ್ಲ, ಒಳಗೇ ಇರ್ತೈತೆ, ಅದಕ್ಕೇ ಕೋಶದ ಪೊರೆಗೆ ತೂತು ಮಾಡಿ ಒಳಗೆ ಬಣ್ಣ ಬಿಟ್ಟು ನೋಡ್ತೀವಿ. ನಿಮ್ಮ ತಮ್ಮಂಗೆ ಅದು ಬ್ರೈಟ್ ಐತೆ, ಹಂಗಾಗಿ ಟಿ ಇರೋದು ಖಾತ್ರಿ. ಸಿಡಿ7 ಒಂದೇ ಇದ್ದಿದ್ರೆ ನಂಬ್ತಿರ್ಲಿಲ್ಲ, ಎಎಂಎಲ್‌ನಲ್ಲೂ ಸಿಡಿ7 ಎಷ್ಟೋ ಸಲ ಬರ್ತೈತೆ.

ಮೈಲಾಯ್ಡ್ ಅನ್ನೋಕೆ ಸಿಡಿ13, ಸಿಡಿ33 ಸಾಲಲ್ಲ. ಸಾಮಾನ್ಯ ಎಎಲ್‌ಎಲ್‌ನಲ್ಲೂ ಅವು ಬಂದು ಕೂತಿರ್ತಾವೆ, ಅದನ್ನ ನೋಡಿ ಮಿಕ್ಸ್ಡ್ ಅಂತ ಹೆಸರು ಕೊಡೋದು ದೊಡ್ಡ ತಪ್ಪು. ಎಂಪಿಒ ಬೇಕು, ಅಂದ್ರೆ ಮೈಲೋಪೆರಾಕ್ಸಿಡೇಸ್, ಮೈಲಾಯ್ಡ್ ಕೋಶದೊಳಗಿನ ಕಿಣ್ವ. ಇಲ್ಲಾ ಮೊನೊಸೈಟ್ ಕಡೆಯ ಗುರುತು, ಸಿಡಿ14, ಸಿಡಿ64, ಸಿಡಿ11ಸಿ, ಲೈಸೊಜೈಮ್, ಎನ್‌ಎಸ್‌ಇ, ಇವುಗಳಲ್ಲಿ ಎರಡಾದ್ರೂ ಬೇಕು.

ಬಿ ವಿಷ್ಯಕ್ಕೆ ಕಾಕಾ ಹೆದರೋದು ಬ್ಯಾಡ. ಬಿ ಅನ್ನೋಕೆ ಮೊದಲು ಸಿಡಿ19 ಬೇಕು, ಅದು ಗಟ್ಟಿಯಾಗಿದ್ರೆ ಜತೆಗೆ ಸಿಡಿ79ಎ, ಸಿಡಿ22, ಸಿಡಿ10 ಇವುಗಳಲ್ಲಿ ಒಂದು, ಮಂಕಾಗಿದ್ರೆ ಎರಡು. ನಿಮ್ಮದ್ರಲ್ಲಿ ಸಿಡಿ19 ಇಲ್ವೇ ಇಲ್ಲ. ಟಿ ಬ್ಲಾಸ್ಟ್‌ಗಳಲ್ಲಿ ಸಿಡಿ79ಎ ಮಂಕಾಗಿ ಕಾಣೋದು ನಮಗೆ ಗೊತ್ತಿರೋ ವಿಷ್ಯ, ಅದನ್ನ ಲೆಕ್ಕಕ್ಕೆ ತಗೊಳ್ಳಲ್ಲ.

ಹಂಗಾಗಿ ಎಲ್ಲಾ ಬಂದು ನಿಂತಿರೋದು ಎಂಪಿಒ ಮೇಲೆ. ಅದು ನಿಜವಾಗಿ ಇಲ್ಲ ಅಂದ್ರೆ ನಿಮ್ಮ ತಮ್ಮಂದು ಇಟಿಪಿ ಅನ್ನೋ, ಬಾಳ ಎಳೇ ಟಿ ಕೋಶದ ಜಾತಿ ಟಿ-ಎಎಲ್‌ಎಲ್. ಸಿಡಿ1ಎ ಇಲ್ಲ, ಸಿಡಿ8 ಇಲ್ಲ, ಸಿಡಿ5 ಮಂಕು, ಜತೆಗೆ ಸಿಡಿ34, ಸಿಡಿ117, ಅದು ಇಟಿಪಿಯ ಚಿತ್ರವೇ. ಎಂಪಿಒ ನಿಜವಾಗಿ ಐತೆ ಅಂದ್ರೆ ಟಿ/ಮೈಲಾಯ್ಡ್ ಎಂಪಿಎಎಲ್. ಇವೆರಡೂ ಪಕ್ಕದ ಮನೆಯವು, ಗೋಡೆ ಒಂದೇ. ಅದಕ್ಕೇ ನಿಮ್ಮ ಡಾಕ್ಟ್ರು ಕಾಯ್ತಿರೋದು, ಅವ್ರ ಬಗ್ಗೆ ಬ್ಯಾಸರ ಮಾಡ್ಕೋಬ್ಯಾಡ್ರಿ.

ಗಂಗಾವತಿ_ಲ್ಯಾಬ್‌ಹುಡುಗ:
ಮೇಡಂ ಹೇಳಿದ್ದಕ್ಕ ಒಂದು ಸೇರಿಸ್ತೀನ್ರಿ, ನಾನು ಲ್ಯಾಬ್‌ನಾಗ ಟೆಕ್ನಿಷಿಯನ್ ಅದೀನಿ, ಈ ಸ್ಯಾಂಪಲ್ ಪ್ಯಾಕ್ ಮಾಡಿ ಕಳಿಸೋದು ನನ್ ಕೆಲಸ. ಎಂಪಿಒ ಡಿಮ್ ಅಂತ ಬಂದ್ರ ಮೊದಲು ಕೇಳಬೇಕಾದ್ದು, ಸ್ಯಾಂಪಲ್ ಎಷ್ಟು ತಾಸಿನ ಹಳೇದು? ನಮ್ ಕಡಿ ಬ್ಯಾಸಿಗ್ಯಾಗ 42 ಡಿಗ್ರಿ ಇರ್ತೈತಿ, ಟ್ಯೂಬ್ ಬಸ್ಸಿನ ಡಿಕ್ಕಿಯಾಗ ರಾತ್ರಿಯೆಲ್ಲಾ ಕುಂತು ಬೆಂಗಳೂರು ಮುಟ್ಟೋದ್ರಾಗ ಅರ್ಧ ಕೋಶ ಸತ್ತಿರ್ತಾವ. ಸತ್ತ ಕೋಶ ಬಣ್ಣ ಸುಮ್ನೆ ಅಂಟಿಸ್ಕೊಂತಾವ, ಸುಳ್ಳು ಪಾಸಿಟಿವ್ ಬರ್ತೈತಿ. ಹಂಗಂತ ಐಸ್ ಮ್ಯಾಲ ನೇರ ಇಟ್ರೂ ಕೆಡ್ತೈತಿ, ಹೆಪ್ಪುಗಟ್ಟಿದ್ರ ಕೋಶ ಒಡದು ಹೋಗ್ತಾವ. ನಾನು ಏನ್ ಮಾಡ್ತೀನಿ ಅಂದ್ರ ಟ್ಯೂಬನ್ನ ಮೊದಲು ಹತ್ತಿಯಾಗ, ಆಮ್ಯಾಲ ಎರಡು ಸುತ್ತು ಪೇಪರ್‌ನಾಗ ಸುತ್ತಿ, ಥರ್ಮಾಕೋಲ್ ಡಬ್ಬಿ ನಡುವ ನಿಲ್ಲಿಸಿ, ತಂಪು ಜೆಲ್ ಪ್ಯಾಕ್ ಗ್ವಾಡಿ ಕಡಿ ಇಡ್ತೀನಿ, ಟ್ಯೂಬಿಗೆ ತಾಗಬಾರದು. 24 ತಾಸಿನ ಒಳಗ ಮುಟ್ಟಿದ್ರ ಚಲೋ, 48 ದಾಟಬಾರದು.

ಇನ್ನೊಂದು, ಫ್ಲೋಗೆ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್, ಕ್ರೋಮೋಸೋಮ್ ನೋಡೋ ಕ್ಯಾರಿಯೋಟೈಪ್‌ಗೆ ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬ್. ನಮ್ ಕಡಿ ಒಂದೇ ನೇರಳೆ ಟ್ಯೂಬ್ ಕಳಿಸಿ ಬಿಡ್ತಾರ, ಆಮ್ಯಾಲ ಪೇಶಂಟ್‌ಗೆ ಇನ್ನೊಮ್ಮೆ ಸೂಜಿ. ಮತ್ತ ಮೊದಲ್ನೇ ಎಳೆತದ ಮಜ್ಜಿನೇ ಸ್ಲೈಡ್‌ಗೂ ಫ್ಲೋಗೂ ಹೋಗಬೇಕು. ಆಮೇಲಿನ ಎಳೆತಕ್ಕ ಬರೇ ರಕ್ತ ಕಲಸಿ ಬರ್ತೈತಿ.

ಸಿಂಧನೂರು_ರೈತ:
ಅಣ್ಣಾರ ನೀವು ಹೇಳಿದ್ದು ಕೇಳಿ ಎದಿ ಝಲ್ ಅಂತು. ನಮ್ದು ಬಸ್ಸಿನಾಗೇ ಹೋಗಿತ್ತು, ಮುಟ್ಟಿದ್ದು ಮರದಿನ ಸಂಜಿಕ. ಎಷ್ಟು ತಾಸು ಆಯ್ತು ಅಂತ ಲೆಕ್ಕ ಹಾಕಿಲ್ಲ ನಾವು, ಯಾರೂ ಹೇಳ್ಲೂ ಇಲ್ಲ. ಮತ್ತ ಆ ಡೆಕ್ಸಾ ಇಂಜೆಕ್ಷನ್ದು ಕೇಳಬೇಕಿತ್ತು, ಅದ್ರಿಂದ ರಿಪೋರ್ಟ್ ಕೆಟ್ಟಿರಬಹುದೇನು? ನಾನೇ ಕೈ ಹಿಡ್ಕೊಂಡು ಚುಚ್ಚಿಸಿದ್ದು.

ಬಳ್ಳಾರಿ_ಸ್ಲೈಡ್:
ಅಣ್ಣ, ಅದನ್ನ ಮನಸಿಗೆ ಹಚ್ಕೋಬ್ಯಾಡ್ರಿ. ಜ್ವರ ಸುಸ್ತು ಅಂತ ಹೋದೋರಿಗೆ ಸ್ಟೀರಾಯ್ಡ್ ಚುಚ್ಚೋದು ನಮ್ಮ ಕಡೆ ಬಾಳ ಐತೆ, ಅದು ನಿಲ್ಲಬೇಕು, ನಾನು ಬಲವಾಗಿ ಹೇಳ್ತೀನಿ. ಯಾಕಂದ್ರೆ ಸ್ಟೀರಾಯ್ಡ್ ಲಿಂಫಾಯ್ಡ್ ಬ್ಲಾಸ್ಟನ್ನ ಕೊಲ್ತೈತೆ, ಎಎಲ್‌ಎಲ್‌ಗೆ ಅದೇ ಔಷಧ. ಸ್ಯಾಂಪಲ್ ತೆಗೆಯೋಕೆ ಮೊದ್ಲೇ ಕೊಟ್ರೆ ಲಿಂಫಾಯ್ಡ್ ಭಾಗ ಕುಗ್ಗಿ ಹೋಗಿ ಮೈಲಾಯ್ಡ್ ಭಾಗ ಒಂದೇ ಉಳಿದು, ಮಿಕ್ಸ್ಡ್ ಇದ್ದಿದ್ದು ಬರೀ ಎಎಂಎಲ್ ಅಂತ ಕಾಣೋ ಅಪಾಯ ಐತೆ. ಆದ್ರೆ ನಿಮ್ಮ ತಮ್ಮನ ಸ್ಯಾಂಪಲ್‌ನಲ್ಲಿ ಸಿಡಿ3 ಬ್ರೈಟ್ ಆಗಿ ಸಿಕ್ಕೈತಲ್ಲ, ಹಂಗಾಗಿ ಗುರುತು ಕಳೆದು ಹೋಗಿಲ್ಲ. ಎಷ್ಟು ಮಿಲಿಗ್ರಾಂ, ಯಾವ ದಿನ ಅಂತ ಚೀಟಿ ಇದ್ರೆ ಹೆಮಟಾಲಜಿ ಡಾಕ್ಟ್ರಿಗೆ ತೋರಿಸ್ರಿ, ಮುಚ್ಚಿಡಬ್ಯಾಡ್ರಿ.

ಎಂಪಿಒ ವಿಷ್ಯಕ್ಕೆ ಬರ್ತೀನಿ. ಮೊದಲ್ನೇ ಲ್ಯಾಬ್‌ನವ್ರನ್ನ ತಪ್ಪು ಮಾಡಿದಾರೆ ಅಂತ ಬೈದ್ರಲ್ಲ, ಈಗ ಅವ್ರ ಸ್ಲೈಡೇ ನಿಮಗೆ ಆಸರೆ. ಆ ಸ್ಲೈಡ್ ತಾಜಾ ರಕ್ತದಿಂದ ಮಾಡಿದ್ದು, ಬಸ್ಸಲ್ಲಿ ಓಡಾಡಿಲ್ಲ. ಎಂಪಿಒ ಬಣ್ಣ ಹಾಕಿ ಎಣ್ಣೆ ಲೆನ್ಸ್ ಇಟ್ಟು ನೋಡಿದ್ರೆ ನಿಜವಾದ ಬ್ಲಾಸ್ಟ್ ಒಳಗೆ ನ್ಯೂಕ್ಲಿಯಸ್ ಪಕ್ಕದಲ್ಲಿ ಕಂದು ಪುಡಿ ಚೆಲ್ಲಿದಂಗೆ ಕಾಣ್ತೈತೆ, ಪಕ್ಕದ ಬ್ಲಾಸ್ಟ್ ಖಾಲಿ ಇರ್ತೈತೆ, ಇನ್ನೊಂದು ಖಾಲಿ, ಮತ್ತೊಂದರಲ್ಲಿ ಪುಡಿ. ಅದೇ ಸ್ಲೈಡ್‌ನಲ್ಲಿರೋ ಒಳ್ಳೇ ನ್ಯೂಟ್ರೋಫಿಲ್ (ಬಲಿತ ಬಿಳಿ ಕಣ) ಪೂರ್ತಿ ಕಂದಾಗಿರ್ತೈತೆ, ಅದನ್ನ ಪಕ್ಕದಲ್ಲಿ ಇಟ್ಕೊಂಡೇ ಹೋಲಿಸ್ಬೇಕು. ಬ್ಲಾಸ್ಟ್‌ಗಳಲ್ಲಿ 3% ಅಥವಾ ಜಾಸ್ತಿಗೆ ಆ ಪುಡಿ ಇದ್ರೆ ಪಾಸಿಟಿವ್ ಅಂತೀವಿ. ಆವರ್ ರಾಡ್ ಅಂತ ಸೂಜಿ ಥರದ್ದು ಕಂಡಿದ್ರಂತೂ ಮೈಲಾಯ್ಡ್ ಬಗ್ಗೆ ಅನುಮಾನವೇ ಇಲ್ಲ. ಆ ರಿಪೋರ್ಟ್‌ನಲ್ಲಿ ಎಷ್ಟು ಪರ್ಸೆಂಟ್ ಬರೆದಾರೆ ನೋಡ್ರಿ, ಆಮೇಲೆ ಸ್ಲೈಡ್ ವಾಪಸ್ ಇಸ್ಕೊಂಡು ಹೆಮಟಾಲಜಿಯವ್ರ ಕೈಗೆ ಕೊಡ್ರಿ.

ಸಿಂಧನೂರು_ರೈತ:
ಮೇಡಂ ನೋಡಿದೆ. 'ಎಂಪಿಒ 8% ಬ್ಲಾಸ್ಟ್‌ಗಳಲ್ಲಿ ಪಾಸಿಟಿವ್' ಅಂತ ಅದ. ಸ್ಲೈಡ್ ಇಸ್ಕೊಂಡ್ವಿ, ಕಾಕಾನೇ ಹೋಗಿ ತಂದ್ರು, ಈಗ ಅವ್ರೇ ಕೈವಸ್ತ್ರದಾಗ ಸುತ್ಕೊಂಡು ಕುಂತಾರ.

ನೀವು ಹೇಳಿದ್ದು ಓದಿ ನನಗ ನಮ್ ಹೊಲದ್ದೇ ನೆನಪಾತು. ಭತ್ತದ ಸಸಿ ಮಡಿಯಾಗ ಹುಲ್ಲಿನ ಕಳಿ ಬೆಳೀತದ, ಹದಿನೈದು ದಿನದ್ದಿದ್ದಾಗ ಭತ್ತ ಯಾವ್ದು ಕಳಿ ಯಾವ್ದು ಅಂತ ದೂರಿಂದ ನೋಡಿದ್ರ ಯಾರಿಗೂ ತಿಳಿಯಲ್ಲ, ಬಣ್ಣನೂ ಅದೇ ಎತ್ತರನೂ ಅದೇ. ಎಲಿ ಕಾಂಡಕ್ಕ ಕೂಡೋ ಬುಡದಾಗ ಬಗ್ಗಿ ನೋಡಬೇಕು, ಅಲ್ಲಿ ತೆಳ್ಳನೆ ಬಿಳಿ ಪೊರಿ ಇದ್ರ ಭತ್ತ, ಇಲ್ಲಂದ್ರ ಕಳಿ. ನಮ್ ತಮ್ಮ ಇದ್ರಾಗ ನನಗಿಂತ ಶ್ಯಾಣ್ಯಾ, ಓಡಾಡ್ತಾನೇ ಕಿತ್ತು ಒಗೀತಾನ. ನೀವೂ ಹಂಗ ಬುಡ ನೋಡ್ತೀರಿ ಅನ್ನಿಸ್ತು.

ಬಳ್ಳಾರಿ_ಸ್ಲೈಡ್:
ಅಣ್ಣ, ಎಷ್ಟು ಸರಿಯಾಗಿ ಹೇಳಿದ್ರಿ. ಇದನ್ನ ನಮ್ಮ ಜೂನಿಯರ್‌ಗಳಿಗೆ ಹೇಳ್ತೀನಿ.

8% ಅಂದ್ರೆ ಫ್ಲೋನಲ್ಲಿ ಬಂದಿದ್ದು ಬರೀ ಸತ್ತ ಕೋಶದ ಆಟ ಅಲ್ಲ. ಸ್ಲೈಡೂ ಫ್ಲೋನೂ ಎರಡೂ ಒಂದೇ ಕಡೆ ಕೈ ತೋರಿಸ್ತಾವೆ. ಆದ್ರೂ ತಾಜಾ ಸ್ಯಾಂಪಲ್‌ನಲ್ಲಿ ಫ್ಲೋ ಇನ್ನೊಮ್ಮೆ ಮಾಡಿದ್ರೆ ನಾನಾಗಿದ್ರೆ ನೆಮ್ಮದಿ ಪಡ್ತಿದ್ದೆ.

ತೋರಣಗಲ್ಲು_ಬಿ_ಶಿಫ್ಟ್:
ನಂದು ಬಿ/ಮೈಲಾಯ್ಡ್ ಇತ್ತು, ಅದಕ್ಕೇ ಬರೀತಿದೀನಿ. ಅಣ್ಣ, ಫಿಶ್ ಟೆಸ್ಟ್ ಮಾಡ್ಸಿದಾರಾ ಕೇಳ್ರಿ, ಬಿಸಿಆರ್-ಎಬಿಎಲ್ ಅಂತ ಜೀನ್ ಬದಲಾವಣೆ ನೋಡೋದು. ನನಗೆ ಅದು ಪಾಸಿಟಿವ್ ಬಂತು, ಅದು ಬಂದ ಮೇಲೆ ಡಾಕ್ಟ್ರು ಮತ್ತೆ ಮತ್ತೆ ಹೊಟ್ಟೆ ಒತ್ತಿ ಗುಲ್ಮ ನೋಡಿದ್ರು, ಹಳೇ ರಕ್ತ ರಿಪೋರ್ಟ್ ಇದ್ರೆ ತನ್ನಿ ಅಂದ್ರು. ಆಗ ಗೊತ್ತಾಗ್ಲಿಲ್ಲ, ಆಮೇಲೆ ತಿಳೀತು, ಸಿಎಂಎಲ್ ಅಂತ ನಿಧಾನದ ಕಾಯಿಲೆ ಯಾರಿಗೂ ಗೊತ್ತಾಗದಂಗೆ ಇದ್ದು ಕೊನೇಗೆ ಸಿಡಿದು ಹಿಂಗೆ ಕಾಣ್ಬಹುದಂತೆ, ಅದಾಗಿದ್ರೆ ಹೆಸರೇ ಬೇರೆ. ಪ್ಲಾಂಟ್‌ನಲ್ಲಿ ವರ್ಷಕ್ಕೊಮ್ಮೆ ಮೆಡಿಕಲ್ ಚೆಕಪ್ ಮಾಡ್ತಾರಲ್ಲ, ಅದ್ರಲ್ಲಿ ರಕ್ತ ನಾರ್ಮಲ್ ಇದ್ದಿದ್ದು ನನಗೆ ಕೆಲಸಕ್ಕೆ ಬಂತು. ಕಿಮೋ ಜತೆಗೆ ದಿನಾ ಮಾತ್ರೆ ಕೊಟ್ರು, ಮೊದ್ಲು ಇಮ್ಯಾಟಿನಿಬ್, ಆಮೇಲೆ ಡಾಸಾಟಿನಿಬ್. ಅಕ್ಕನ ಮಜ್ಜೆ ಹೊಂದ್ತು, ಟ್ರಾನ್ಸ್‌ಪ್ಲಾಂಟ್ ಆಗಿ ಈಗ ಡ್ಯೂಟಿಗೆ ಹೋಗ್ತಿದೀನಿ.

ಬಳ್ಳಾರಿ_ಸ್ಲೈಡ್:
ಇವ್ರು ಹೇಳಿದ್ದು ಬಾಳ ಮುಖ್ಯ. ಗುರುತು ಎಲ್ಲಾ ಹೊಂದಿದ್ರೂ ಜೀನ್ ನೋಡದೆ ಎಂಪಿಎಎಲ್ ಅಂತ ಮುದ್ರೆ ಒತ್ತಬಾರದು. ಒಂದು ಉದಾಹರಣೆ, 8 ಮತ್ತು 21ನೇ ಕ್ರೋಮೋಸೋಮ್ ತುಂಡು ಅದಲು ಬದಲಾದ ಎಎಂಎಲ್‌ನಲ್ಲಿ ಸಿಡಿ19, ಸಿಡಿ79ಎ ಎರಡೂ ಬರ್ತಾವೆ, ಪಟ್ಟಿ ನೋಡಿದ್ರೆ ಬಿ/ಮೈಲಾಯ್ಡ್ ಅನ್ನಿಸ್ತೈತೆ, ಆದ್ರೆ ಅದು ಎಎಂಎಲ್ಲೇ, ಎಎಂಎಲ್‌ಗೆ ಕೊಡೋ ಕಿಮೋಗೆ ಚೆನ್ನಾಗಿ ಬಗ್ಗೋ ಜಾತಿ. ತಪ್ಪು ಹೆಸರು ಕೊಟ್ರೆ ಆ ರೋಗಿಗೆ ಅನ್ಯಾಯ.

ಬಿಸಿಆರ್-ಎಬಿಎಲ್ ಒಂದು, ಕೆಎಂಟಿ2ಎ ಇನ್ನೊಂದು, ಈ ಎರಡು ಜೀನ್ ಬದಲಾವಣೆ ಇರೋವನ್ನ 2008ರ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲೇ ಬೇರೆ ಗುಂಪು ಮಾಡಿದ್ರು. 2022ರಲ್ಲಿ ಜ಼ಡ್‌ಎನ್‌ಎಫ್384, ಬಿಸಿಎಲ್11ಬಿ ಅನ್ನೋವನ್ನೂ ಸೇರಿಸಿದ್ರು. ಅದಕ್ಕೂ ಮೊದ್ಲು 1995ರಲ್ಲಿ ಯುರೋಪಿನವ್ರು ಎಗಿಲ್ ಅಂತ ಅಂಕ ಕೊಡೋ ಪದ್ಧತಿ ತಂದಿದ್ರು, ಪ್ರತಿ ಗುರುತಿಗೆ ಎರಡು, ಒಂದು, ಅರ್ಧ ಅಂತ ಅಂಕ, ಎರಡು ದಾರೀಲೂ ಎರಡಕ್ಕಿಂತ ಜಾಸ್ತಿ ಬಂದ್ರೆ ಬೈಫಿನೋಟೈಪಿಕ್. ಸಣ್ಣ ಪುಟ್ಟ ಗುರುತೆಲ್ಲಾ ಕೂಡಿ ಅಂಕ ಬಂದು ಬಿಡೋದು. ಈಗಿನ ನಿಯಮದಲ್ಲಿ ಗುರುತು ಕಮ್ಮಿ, ಆದ್ರೆ ಗಟ್ಟಿ. ಹಳೇ ರಿಪೋರ್ಟ್‌ನಲ್ಲಿ ಎಗಿಲ್ ಅಂಕ ಕಂಡ್ರೆ ಗಾಬರಿ ಬ್ಯಾಡ, ಯಾವ ನಿಯಮದ ಮೇಲೆ ಹೆಸರಿಟ್ಟೀರಿ ಅಂತ ಕೇಳ್ರಿ.

ಕೊಪ್ಪಳದ_ತಾಯಿ:
ಯಪ್ಪಾ, ನನ್ ಮಗಳಿಗೆ ಏಳು ವರ್ಷ ಇದ್ದಾಗ ಇದಾಗಿತ್ತು, ಬಿ/ಮೈಲಾಯ್ಡ್. ಎಎಲ್‌ಎಲ್ ಔಷಧಾನೇ ಕೊಟ್ರು, ಮಕ್ಕಳಿಗೆ ಅದೇ ಚಲೋ ಅಂತ ಡಾಕ್ಟರ್ ಅಂದಿದ್ರು. ಮೊದಲ್ನೇ ತಿಂಗಳು ಮುಗದ ಮ್ಯಾಲ ಎಂಆರ್‌ಡಿ ಅಂತ ನೋಡ್ತಾರ, ಉಳಿದಿರೋ ಕ್ಯಾನ್ಸರ್ ಕೋಶ ಎಣಿಸೋದು, ಅದು ನೆಗೆಟಿವ್ ಬಂದ ದಿನ ಹುಲಿಗೆಮ್ಮಗ ಹರಕಿ ಕಟ್ಟಿದ್ದು ತೀರಿಸಿದೆ. ಟ್ರಾನ್ಸ್‌ಪ್ಲಾಂಟ್ ಬ್ಯಾಡ ಆತು ಆಕಿಗೆ. ಈಗ ಐದನೇತ್ತಾ ಓದ್ತಾಳ.

ನಿನಗ ಹೇಳೋದು ಇಷ್ಟ ಯಪ್ಪಾ, ಕಾಯೋ ನಾಕು ದಿನದಾಗ ಸುಮ್ನ ಕುಂದರಬ್ಯಾಡ. ಆಯುಷ್ಮಾನ್ ಕಾರ್ಡ್, ರೇಷನ್ ಕಾರ್ಡ್, ಆಧಾರ್ ನಾಕು ನಾಕು ಜೆರಾಕ್ಸ್ ಮಾಡಿಸು. ಪ್ಲೇಟ್‌ಲೆಟ್ ಕೊಡೋ ಹುಡುಗ್ರ ಪಟ್ಟಿ ಬರಕೋ, ಒಬ್ಬನ್ನ ಯಂತ್ರದ ಮ್ಯಾಲ ಮಲಗಿಸಿ ತಗೊಳ್ಳೋ ಎಸ್‌ಡಿಪಿ ಬೇಕಾಗ್ತೈತಿ, ಅದಕ್ಕ ನರ ಚಲೋ ಇರೋ ಹುಡುಗ್ರು ಬೇಕು. ತಮ್ಮಗ ಹಣ್ಣು ಕೊಟ್ರ ಸಿಪ್ಪಿ ಸುಲದು ಕೊಡೋ ಹಣ್ಣೇ ಕೊಡು. ಬ್ರಷ್ ಮೆತ್ತಂದು ತಗೋ. ಜ್ವರ 100.4 ದಾಟಿದ್ರ ರಾತ್ರಿ ಎರಡು ಗಂಟಿ ಇದ್ರೂ ಆಸ್ಪತ್ರಿಗೆ ಓಡು, ಬೆಳಕಾಗ್ಲಿ ಅನ್ನಬ್ಯಾಡ.

ಮಾನ್ವಿ_ಮೇಷ್ಟ್ರು:
ಪ್ಲೇಟ್‌ಲೆಟ್‌ಗೆ ನಮ್ ಹಳೇ ವಿದ್ಯಾರ್ಥಿಗಳು ಬೆಂಗಳೂರಾಗ ಬಾಳ ಮಂದಿ ಅದಾರ, ಎಂಟು ಹುಡುಗ್ರ ಹೆಸರು ಬರಕೊಂಡೀನಿ, ನಿನಗ ಮೆಸೇಜ್ ಮಾಡ್ತೀನಿ ತಮ್ಮಾ. ಮೇಡಂ, ಇಷ್ಟೆಲ್ಲಾ ಹೆಸರು ಹುಡುಕಿದ ಮ್ಯಾಲ ಔಷಧ ಏನರ ಬದಲಾಗ್ತದೇನು?

ಬಳ್ಳಾರಿ_ಸ್ಲೈಡ್:
ಬದಲಾಗ್ತೈತೆ ಮೇಷ್ಟ್ರೇ, ಅದಕ್ಕೇ ಹೆಸರಿಗೆ ಇಷ್ಟು ಪರದಾಟ. ಎಎಂಎಲ್ ಕಿಮೋನೇ ಬೇರೆ, ಎಎಲ್‌ಎಲ್ ಕಿಮೋನೇ ಬೇರೆ. ಎಂಪಿಎಎಲ್‌ಗೆ ಬಾಳ ಜನರಲ್ಲಿ ಎಎಲ್‌ಎಲ್ ಥರದ ಔಷಧದಿಂದ ಶುರು ಮಾಡೋದು ಮೇಲು ಅಂತ ಈಗಿನ ಅನುಭವ, ಸ್ಟೀರಾಯ್ಡ್, ವಿನ್‌ಕ್ರಿಸ್ಟಿನ್, ಆಸ್ಪರಾಜಿನೇಸ್, ಬೆನ್ನಿನ ನೀರಿಗೆ ಔಷಧ, ಎಲ್ಲಾ ಅದ್ರಲ್ಲಿ ಬರ್ತಾವೆ. ಬಗ್ಗದೆ ಹೋದ್ರೆ ಎಎಂಎಲ್ ಕಡೆಗೆ ತಿರುಗ್ತಾರೆ. ದೊಡ್ಡವ್ರಲ್ಲಿ ಕಾಯಿಲೆ ಹತೋಟಿಗೆ ಬಂದ ಕೂಡ್ಲೇ ಟ್ರಾನ್ಸ್‌ಪ್ಲಾಂಟ್ ಯೋಚನೆ ಮಾಡ್ತಾರೆ, ಹಂಗಾಗಿ ಅಣ್ಣ ತಮ್ಮ ಅಕ್ಕ ತಂಗೀರ ಎಚ್‌ಎಲ್‌ಎ ಟೆಸ್ಟ್ (ಮಜ್ಜೆ ಹೊಂದ್ತೈತಾ ನೋಡೋದು) ಬೇಗ ಮಾಡಿಸಿಟ್ರೆ ಒಳ್ಳೇದು, ಒಬ್ಬೊಬ್ಬ ಒಡಹುಟ್ಟಿದವ್ರು ಪೂರ್ತಿ ಹೊಂದೋ ಸಾಧ್ಯತೆ ನಾಲ್ಕರಲ್ಲಿ ಒಂದು. ಕೊನೇ ಮಾತು ಮಾತ್ರ ನಿಮ್ಮ ಹೆಮಟಾಲಜಿಸ್ಟ್‌ದೇ, ಅವ್ರು ತಮ್ಮನ್ನ ಕಣ್ಣಾರೆ ನೋಡ್ತಿದಾರೆ.

ಸಿಂಧನೂರು_ರೈತ:
ಎಲ್ಲಾರಿಗೂ ತಡ ಆಗಿ ಬರೀತಿದೀನಿ, ಒಂಬತ್ತು ದಿನ ಆಯ್ತು. ಉದ್ಯಾನ್ ಎಕ್ಸ್‌ಪ್ರೆಸ್‌ಗೆ ರಾಯಚೂರಿಂದ ಬೆಂಗಳೂರಿಗೆ ಕರ್ಕೊಂಡು ಬಂದ್ವಿ, ಇಲ್ಲೇ ಮಜ್ಜಿ ಮತ್ತೊಮ್ಮೆ ತಗದ್ರು. ಲ್ಯಾಬ್ ಅಣ್ಣಾರ ನೀವು ಹೇಳಿದ್ದು ನೆನಪಿಟ್ಟು ನೇರಳೆ, ಹಸಿರು ಎರಡೂ ಟ್ಯೂಬ್ ಅದಾವ ಇಲ್ಲೋ ಅಂತ ಕೇಳಿದೆ, ಸಿಸ್ಟರ್ ನನ್ ಮಾರಿ ನೋಡಿ ಅದಾವಪ್ಪಾ ಅಂದ್ರು. ಒಂದು ತಾಸಿನಾಗ ಸ್ಯಾಂಪಲ್ ಲ್ಯಾಬ್ ಮುಟ್ಟಿತ್ತು. ಈ ಸಲ ಎಂಪಿಒ ಗಟ್ಟಿಯಾಗೇ ಬಂತು, ನ್ಯೂಟ್ರೋಫಿಲ್ ಜೋಡಿ ಇಟ್ಟು ಹೋಲಿಸೀವಿ ಅಂತ ರಿಪೋರ್ಟ್‌ನಾಗ ಬರದಾರ. ಬಿಸಿಆರ್-ಎಬಿಎಲ್ ನೆಗೆಟಿವ್, ಕೆಎಂಟಿ2ಎ ನೆಗೆಟಿವ್. ಹೆಸರು ಟಿ/ಮೈಲಾಯ್ಡ್ ಎಂಪಿಎಎಲ್ ಅಂತ ಗಟ್ಟಿ ಆತು.

ಎಎಲ್‌ಎಲ್ ಥರದ ಕಿಮೋ ಮೊನ್ನೆ ಸೋಮವಾರ ಶುರು ಆತು. ಮೊದಲ್ನೇ ದಿನ ಬಾಟ್ಲಿ ಮುಗದ ಮ್ಯಾಲ ತಮ್ಮ ಮೊಸರನ್ನ ಕೇಳಿದ, ಡಾಕ್ಟ್ರು ಮೊಸರು ಬ್ಯಾಡ ಅಂದ್ರು, ಮೆತ್ತಗ ಅನ್ನ ಸಾರು ಕಲಸಿ ತಿನಿಸಿದೆ. ಮೂರು ವಾರ ಆದಮ್ಯಾಲ ಅವನಾಗೇ ಊಟ ಕೇಳಿದ್ದು ಅದೇ ಮೊದಲು. ಮೇಷ್ಟ್ರು ಕಳಿಸಿದ ಹುಡುಗ್ರಾಗ ಇಬ್ರು ಬಂದು ಪ್ಲೇಟ್‌ಲೆಟ್ ಕೊಟ್ಟು ಹೋದ್ರು, ಚಾ ಸೈತ ಕುಡೀಲಿಲ್ಲ.

ನಂದು ತಂಗೀದು ಎಚ್‌ಎಲ್‌ಎಗೆ ರಕ್ತ ಕೊಟ್ಟೀವಿ. ಕಾಕಾ ನಂದೂ ತಗೋರಿ ಅಂತ ತೋಳು ಚಾಚಿ ನಿಂತಿದ್ರು, ಮೊದಲು ಒಡಹುಟ್ಟಿದವ್ರದು ನೋಡ್ತೀವಿ ಅಂತ ಅವ್ರನ್ನ ಕುಂದ್ರಿಸ್ಯಾರ.